ಜಾರ್ಜ್ ಸೈಮನ್ ಓಮ್: ಎಂಟು ತಂತಿಗಳ ಲೆಕ್ಕ

ವಿ = ಐ × ಆರ್. ಎಸ್ಸೆಸ್ಸೆಲ್ಸಿ ಪಾಸಾಗಿ ಬಂದ ಯಾರೂ ಈ ಮೂರು ಅಕ್ಷರಗಳನ್ನು ಪೂರ್ತಿ ಮರೆತಿರಲಾರರು. ವಿಭವಾಂತರ ಎಂದರೆ ವಿದ್ಯುತ್ ಪ್ರವಾಹ ಮತ್ತು ರೋಧಗಳ ಗುಣಲಬ್ಧ. ಪ್ರಶ್ನೆಪತ್ರಿಕೆಯಲ್ಲಿ ಎರಡರ ಬೆಲೆ ಕೊಟ್ಟಿರುತ್ತಾರೆ, ಮೂರನೆಯದನ್ನು ಕಂಡುಹಿಡಿದರೆ ಅಂಕ ಸಿಗುತ್ತದೆ. ಕಾಮರ್ಸ್ ತೆಗೆದುಕೊಂಡ ನಮಗೆ ಓಮ್‌ನ ನಿಯಮ ಅಲ್ಲಿಗೇ ಮುಗಿಯಿತು. ಸೈನ್ಸ್ ತೆಗೆದುಕೊಂಡ ಗೆಳೆಯರಿಗೆ ಅದು ಇನ್ನೊಂದು ಅಧ್ಯಾಯ, ಇನ್ನಷ್ಟು ಲೆಕ್ಕ.

ಲೆಕ್ಕಶಾಸ್ತ್ರ ಓದುವ ನಾನು ಭೌತಶಾಸ್ತ್ರದವರ ಬಗ್ಗೆ ಯಾಕೆ ಬರೆಯುತ್ತಿದ್ದೇನೆ ಎಂದು ಕೆಲವರು ಕೇಳಬಹುದು. ಓಮ್ ಅವರು 1826ರಲ್ಲಿ ಮಾಡಿದ ಪ್ರಯೋಗದ ಅಂಕಿಗಳನ್ನು ನೋಡಿದಾಗ ನನಗೆ ಅದು ಒಂದು ಒಳ್ಳೆಯ ಖಾತೆ ಪುಸ್ತಕದ ಹಾಗೆ ಕಂಡಿತು. ಎರಡು ಕಾಲಂ, ಎಂಟು ಸಾಲು. ಅದನ್ನು ಅರ್ಥ ಮಾಡಿಕೊಳ್ಳಲು ಕೂಡಿಸುವುದು ಮತ್ತು ಭಾಗಿಸುವುದು ಬಂದರೆ ಸಾಕು. ಆದರೆ ಆ ಎಂಟು ಸಾಲುಗಳನ್ನು ನಂಬಿ ಒಬ್ಬ ಹೈಸ್ಕೂಲ್ ಮೇಷ್ಟ್ರು ತಮ್ಮ ಸಂಬಳ, ಕೆಲಸ ಎರಡನ್ನೂ ಪಣಕ್ಕಿಟ್ಟರು. ಪಾಠದಲ್ಲಿ ಈ ಭಾಗ ಬರುವುದಿಲ್ಲ.

ಜಾರ್ಜ್ ಸೈಮನ್ ಓಮ್ ಹುಟ್ಟಿದ್ದು 1789ರ ಮಾರ್ಚ್ 16ರಂದು, ಇಂದಿನ ಜರ್ಮನಿಯ ಬವೇರಿಯಾ ರಾಜ್ಯದಲ್ಲಿರುವ ಎರ್ಲಾಂಗೆನ್ ಎಂಬ ಊರಿನಲ್ಲಿ. ತಂದೆ ಯೋಹಾನ್ ವುಲ್ಫ್‌ಗ್ಯಾಂಗ್ ಓಮ್ ಬೀಗ ಮಾಡುವ ಕೆಲಸದವರು. ತಾಯಿ ಮರಿಯಾ ಎಲಿಜಬೆತ್ ದರ್ಜಿಯೊಬ್ಬರ ಮಗಳು. ಏಳು ಮಕ್ಕಳು ಹುಟ್ಟಿದರೂ ಉಳಿದದ್ದು ಮೂವರೇ: ಜಾರ್ಜ್, ತಮ್ಮ ಮಾರ್ಟಿನ್ ಮತ್ತು ಒಬ್ಬ ತಂಗಿ. ಜಾರ್ಜ್‌ಗೆ ಹತ್ತು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು.

ಈ ಕಥೆಯಲ್ಲಿ ನನಗೆ ಹೆಚ್ಚು ಇಷ್ಟವಾದವರು ಆ ತಂದೆ. ಅವರು ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ದುಡಿಯುತ್ತಲೇ ಸ್ವಂತ ಓದಿನಿಂದ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ತತ್ತ್ವಶಾಸ್ತ್ರ ಕಲಿತು, ಅದನ್ನು ಮನೆಯಲ್ಲೇ ಇಬ್ಬರು ಗಂಡುಮಕ್ಕಳಿಗೆ ಹೇಳಿಕೊಟ್ಟರು. ಶಾಲೆಯಲ್ಲಿ ಸಿಗುತ್ತಿದ್ದ ಪಾಠಕ್ಕಿಂತ ಮನೆಯ ಪಾಠ ಎಷ್ಟೋ ಮೇಲಿತ್ತು. ಎರ್ಲಾಂಗೆನ್ ವಿಶ್ವವಿದ್ಯಾಲಯದ ಲಾಂಗ್ಸ್‌ಡಾರ್ಫ್ ಎಂಬ ಪ್ರೊಫೆಸರ್ ಈ ಹುಡುಗರನ್ನು ಪರೀಕ್ಷಿಸಿ, ಸ್ವಿಟ್ಜರ್ಲೆಂಡಿನ ಪ್ರಸಿದ್ಧ ಗಣಿತಜ್ಞರಾದ ಬರ್ನೂಲಿ ಸಹೋದರರಿಗೆ ಹೋಲಿಸಿದರಂತೆ. ಮಾರ್ಟಿನ್ ಮುಂದೆ ಗಣಿತಜ್ಞರೇ ಆದರು.

ಜಾರ್ಜ್ 1805ರಲ್ಲಿ ವಿಶ್ವವಿದ್ಯಾಲಯ ಸೇರಿದರು. ಸೇರಿದ ಮೇಲೆ ಏನು ಮಾಡಿದರು? ಡಾನ್ಸ್, ಬಿಲಿಯರ್ಡ್ಸ್, ಹಿಮದ ಮೇಲೆ ಸ್ಕೇಟಿಂಗ್. ತನಗೆ ಸಿಗದ ಅವಕಾಶವನ್ನು ಮಗ ಹಾಳು ಮಾಡುತ್ತಿದ್ದಾನೆಂದು ತಂದೆಗೆ ಸಿಟ್ಟು ಬಂತು. ಮೂರು ಸೆಮಿಸ್ಟರ್ ಆದ ಮೇಲೆ ಕಾಲೇಜು ಬಿಡಿಸಿ ಸ್ವಿಟ್ಜರ್ಲೆಂಡಿಗೆ ಕಳಿಸಿದರು. ಹದಿನೇಳನೆಯ ವಯಸ್ಸಿಗೆ, ಅಂದರೆ ಈಗ ನಮ್ಮೆಲ್ಲರಿಗೆ ಇರುವ ವಯಸ್ಸಿಗೆ, ಓಮ್ ಅಲ್ಲಿನ ಗೋಟ್‌ಸ್ಟಾಟ್ ಎಂಬಲ್ಲಿ ಗಣಿತದ ಮೇಷ್ಟ್ರಾದರು. ಪಾಠ ಮಾಡುತ್ತ ತಾವೇ ಓದಿಕೊಂಡು, 1811ರಲ್ಲಿ ಎರ್ಲಾಂಗೆನ್‌ಗೆ ಮರಳಿ ಅದೇ ವರ್ಷ ಡಾಕ್ಟರೇಟ್ ಪಡೆದರು.

ಡಾಕ್ಟರೇಟ್ ಸಿಕ್ಕಿತು, ಒಳ್ಳೆಯ ಕೆಲಸ ಸಿಗಲಿಲ್ಲ. ಬಾಂಬೆರ್ಗ್ ಊರಿನ ಒಂದು ಶಾಲೆಯಲ್ಲಿ ಕಡಿಮೆ ಸಂಬಳದ ಮೇಷ್ಟ್ರುಗಿರಿ. ಆ ಶಾಲೆಯೂ 1816ರಲ್ಲಿ ಮುಚ್ಚಿತು. ಬೇಸರದ ಆ ದಿನಗಳಲ್ಲೇ ಅವರು ಜ್ಯಾಮಿತಿ ಕಲಿಸುವ ಬಗ್ಗೆ ಒಂದು ಪುಸ್ತಕ ಬರೆದು, ಅದನ್ನು ಪ್ರಶ್ಯಾದ ದೊರೆಗೆ ಕಳಿಸಿಕೊಟ್ಟರು. ದೊರೆಗೆ ಪುಸ್ತಕ ಮೆಚ್ಚುಗೆಯಾಯಿತು. 1817ರಲ್ಲಿ ಕಲೋನ್ ನಗರದ ಹೈಸ್ಕೂಲಿನಲ್ಲಿ ಗಣಿತ ಮತ್ತು ಭೌತಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು. ಆ ಶಾಲೆಯಲ್ಲಿ ಒಂದು ಒಳ್ಳೆಯ ಪ್ರಯೋಗಾಲಯವಿತ್ತು. ಬೀಗದ ಕೆಲಸ ನೋಡಿ ಬೆಳೆದ ಕೈಗೆ ಉಪಕರಣ ಮಾಡುವುದು ಕಷ್ಟವಾಗಲಿಲ್ಲ.

ಆಗ ವಿದ್ಯುತ್ತಿನ ಬಗ್ಗೆ ಜನರಿಗೆ ಗೊತ್ತಿದ್ದದ್ದು ಎಷ್ಟು ಎಂಬುದನ್ನು ಇಲ್ಲಿ ಹೇಳಬೇಕು. 1800ರಲ್ಲಿ ಇಟಲಿಯ ವೋಲ್ಟಾ ತಾಮ್ರ, ಸತುವಿನಂಥ ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಯಿಟ್ಟು ಮೊದಲ ಬ್ಯಾಟರಿ ಮಾಡಿದ್ದರು. 1820ರಲ್ಲಿ ಡೆನ್ಮಾರ್ಕ್‌ನ ಓರ್‌ಸ್ಟೆಡ್, ವಿದ್ಯುತ್ ಹರಿಯುವ ತಂತಿಯ ಹತ್ತಿರ ದಿಕ್ಸೂಚಿ ಇಟ್ಟರೆ ಅದರ ಮುಳ್ಳು ತಿರುಗುತ್ತದೆ ಎಂದು ತೋರಿಸಿದರು. ವೋಲ್ಟ್ ಎಂಬ ಮಾನ ಇರಲಿಲ್ಲ, ಆಂಪಿಯರ್ ಇರಲಿಲ್ಲ, ಮೀಟರ್ ಇರಲಿಲ್ಲ. ತಂತಿ ಉದ್ದವಾದರೆ ವಿದ್ಯುತ್ತಿನ ಪರಿಣಾಮ ಕುಗ್ಗುತ್ತದೆ ಎಂದು ಪ್ರಯೋಗ ಮಾಡಿದವರಿಗೆಲ್ಲ ಕಾಣುತ್ತಿತ್ತು. ಎಷ್ಟು ಉದ್ದಕ್ಕೆ ಎಷ್ಟು ಕುಗ್ಗುತ್ತದೆ? ಇದಕ್ಕೆ ಉತ್ತರ ಗೊತ್ತಿರಲಿಲ್ಲ. ಓಮ್ ಹಿಡಿದುಕೊಂಡದ್ದು ಈ ಪ್ರಶ್ನೆಯನ್ನು.

1825ರಲ್ಲಿ ಅವರು ಮೊದಲ ಉತ್ತರ ಪ್ರಕಟಿಸಿದರು. ತಂತಿಯ ಉದ್ದ ಹೆಚ್ಚಿದಂತೆ ಬಲವು ಲಾಗರಿದಮ್ ಸೂತ್ರದ ಪ್ರಕಾರ ಕುಗ್ಗುತ್ತದೆ ಎಂಬುದು ಆ ಉತ್ತರ. ಅದು ತಪ್ಪಾಗಿತ್ತು. ತಪ್ಪು ಅವರ ಗಣಿತದಲ್ಲಿ ಇರಲಿಲ್ಲ, ಬ್ಯಾಟರಿಯಲ್ಲಿ ಇತ್ತು. ತಾಮ್ರ-ಸತುವಿನ ಕೋಶದಲ್ಲಿ ಪ್ರವಾಹ ಹರಿಯತೊಡಗಿದ ಕೂಡಲೇ ತಾಮ್ರದ ಫಲಕದ ಮೇಲೆ ಹೈಡ್ರೋಜನ್ ಗುಳ್ಳೆಗಳು ಕೂರುತ್ತವೆ, ಕೋಶದ ಶಕ್ತಿ ಇಳಿಯುತ್ತದೆ. ಮಂಡಲ ಬಿಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಏರುತ್ತದೆ. ಒಂದು ತಂತಿಯನ್ನು ಅಳೆದು ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಕೋಶವೇ ಬದಲಾಗಿರುತ್ತದೆ. ಬಟ್ಟೆ ಅಂಗಡಿಯಲ್ಲಿ ಅಳೆಯುವ ಗಜವೇ ಗಳಿಗೆಗೊಮ್ಮೆ ಕುಗ್ಗಿ ಹಿಗ್ಗುತ್ತಿದ್ದರೆ ಯಾವ ಬಿಲ್ಲನ್ನು ನಂಬುವುದು?

ಜರ್ಮನಿಯ ದೊಡ್ಡ ಭೌತಶಾಸ್ತ್ರ ಪತ್ರಿಕೆಯ ಸಂಪಾದಕರಾಗಿದ್ದ ಪೊಗೆಂಡಾರ್ಫ್ ಅವರಿಗೆ ಒಂದು ಸಲಹೆ ಕೊಟ್ಟರು. ಆ್ಯಸಿಡ್ಡಿನ ಕೋಶ ಬಿಡಿ, ಉಷ್ಣಯುಗ್ಮ ಬಳಸಿ. ಎರಡು ಬೇರೆ ಲೋಹಗಳನ್ನು ಎರಡು ಕಡೆ ಜೋಡಿಸಿ, ಒಂದು ಜೋಡಣೆಯನ್ನು ಬಿಸಿಯಾಗಿ ಇನ್ನೊಂದನ್ನು ತಣ್ಣಗೆ ಇಟ್ಟರೆ ವಿದ್ಯುತ್ ಹರಿಯುತ್ತದೆ. ಇದನ್ನು ಸೀಬೆಕ್ ಎಂಬವರು 1821ರಲ್ಲಿ ಕಂಡುಹಿಡಿದಿದ್ದರು. ಬಿಸಿ-ತಂಪು ಸ್ಥಿರವಾಗಿದ್ದರೆ ವಿದ್ಯುತ್ತಿನ ಮೂಲವೂ ಸ್ಥಿರ. ಓಮ್ ಸಲಹೆಯನ್ನು ಒಪ್ಪಿಕೊಂಡು ಮೊದಲಿನಿಂದ ಶುರು ಮಾಡಿದರು.

ನಮಗೆ ಲೆಕ್ಕಶಾಸ್ತ್ರದಲ್ಲಿ ತಪ್ಪುಗಳನ್ನು ಸರಿಪಡಿಸುವ ಒಂದು ಅಧ್ಯಾಯವೇ ಇದೆ. ಲೆಡ್ಜರಿನಲ್ಲಿ ತಪ್ಪಾದದ್ದನ್ನು ಗೀಚಿ ಅಳಿಸುವಂತಿಲ್ಲ, ತಪ್ಪು ಕಾಣುವ ಹಾಗೇ ಬಿಟ್ಟು, ಅದನ್ನು ಸರಿ ಮಾಡುವ ಹೊಸ ನಮೂದು ಬರೆಯಬೇಕು. 1825ರ ಲೇಖನ ಅಚ್ಚಾಗಿ ಹೋಗಿತ್ತು. 1826ರ ಲೇಖನ ಅದರ ಸರಿಪಡಿಸುವ ನಮೂದು.

ಹೊಸ ಉಪಕರಣ ಹೀಗಿತ್ತು. ಬಿಸ್ಮತ್ ಲೋಹದ ಒಂದು ಪಟ್ಟಿ, ಅದರ ಎರಡು ತುದಿಗೆ ತಾಮ್ರದ ಪಟ್ಟಿಗಳು. ಒಂದು ತುದಿ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ತಾಮ್ರದ ಪಟ್ಟಿಗಳ ಕೊನೆ ಪಾದರಸ ತುಂಬಿದ ಎರಡು ಬಟ್ಟಲುಗಳಿಗೆ ಇಳಿಯುತ್ತಿತ್ತು. ಪರೀಕ್ಷಿಸಬೇಕಾದ ತಂತಿಯ ಎರಡು ತುದಿಗಳನ್ನು ಆ ಬಟ್ಟಲುಗಳಲ್ಲಿ ಅದ್ದಿದರೆ ಮಂಡಲ ಪೂರ್ತಿಯಾಗುತ್ತಿತ್ತು. ಮೇಲೆ ಚಪ್ಪಟೆಯಾದ ಚಿನ್ನದ ಎಳೆಯಲ್ಲಿ ಒಂದು ಕಾಂತದ ಮುಳ್ಳು ತೂಗುಬಿಟ್ಟಿದ್ದರು. ವಿದ್ಯುತ್ ಹರಿದಾಗ ಮುಳ್ಳು ಪಕ್ಕಕ್ಕೆ ತಿರುಗುತ್ತದೆ. ಎಳೆಯನ್ನು ಮೇಲಿನಿಂದ ತಿರುಚಿ ಮುಳ್ಳನ್ನು ಮತ್ತೆ ಮೊದಲಿನ ಜಾಗಕ್ಕೆ ತರಬೇಕು. ಎಷ್ಟು ತಿರುಚಬೇಕಾಯಿತೋ ಅದೇ ವಿದ್ಯುತ್ತಿನ ಅಳತೆ. ಅಂಗಡಿಯ ತಕ್ಕಡಿಯಲ್ಲಿ ಮುಳ್ಳು ನೇರವಾಗುವ ತನಕ ತೂಕದ ಬಟ್ಟು ಹಾಕುತ್ತ ಹೋಗುವ ಹಾಗೆಯೇ ಇದು.

ಒಂದೇ ದಪ್ಪದ ಎಂಟು ತಾಮ್ರದ ತಂತಿಗಳನ್ನು ಅವರು ತಯಾರು ಮಾಡಿಕೊಂಡರು. ಉದ್ದ ಕ್ರಮವಾಗಿ 2, 4, 6, 10, 18, 34, 66 ಮತ್ತು 130 ಇಂಚು. 1826ರ ಜನವರಿ 8ರಂದು ಸಿಕ್ಕಿದ ಅಳತೆಗಳು ಇದೇ ಕ್ರಮದಲ್ಲಿ: 326.75, 300.75, 277.75, 238.25, 190.75, 134.5, 83.25, 48.5.

ಈ ಅಂಕಿಗಳನ್ನು ಸುಮ್ಮನೆ ನೋಡಿದರೆ ಏನೂ ಹೊಳೆಯುವುದಿಲ್ಲ. ತಂತಿ ಎರಡರಷ್ಟು ಉದ್ದವಾದರೆ ಪ್ರವಾಹ ಅರ್ಧವಾಗಬೇಕು ಎಂದು ನಾವು ಓದಿದ್ದೇವೆ. 2 ಇಂಚು 4 ಇಂಚಾದಾಗ 326.75 ಇದ್ದದ್ದು 300.75ಕ್ಕೆ ಮಾತ್ರ ಇಳಿದಿದೆ. ಹಾಗಾದರೆ ನಿಯಮ ಎಲ್ಲಿ ಹೋಯಿತು? ಓಮ್ ಕಂಡುಕೊಂಡದ್ದು ಇಷ್ಟು: ತಂತಿಯ ಉದ್ದಕ್ಕೆ ಪ್ರತಿ ಸಲವೂ 20.25 ಸೇರಿಸಬೇಕು, ಬಂದ ಮೊತ್ತದಿಂದ 7285ನ್ನು ಭಾಗಿಸಬೇಕು. ನಾನು ಕ್ಯಾಲ್ಕುಲೇಟರ್ ಹಿಡಿದು ಮಾಡಿ ನೋಡಿದೆ. 4 ಇಂಚಿಗೆ 7285ನ್ನು 24.25ರಿಂದ ಭಾಗಿಸಿದರೆ 300.4. ಅವರ ಅಳತೆ 300.75. 34 ಇಂಚಿಗೆ 134.3, ಅವರ ಅಳತೆ 134.5. 130 ಇಂಚಿಗೆ 48.5, ಅಳತೆಯೂ 48.5. 10 ಇಂಚಿನ ತಂತಿಯಲ್ಲಿ ಮಾತ್ರ ಲೆಕ್ಕಕ್ಕೆ 240.8 ಬರುತ್ತದೆ, ಅಳತೆ 238.25 ಇದೆ. ಆ ವ್ಯತ್ಯಾಸವನ್ನೂ ಅವರು ಹಾಗೇ ಅಚ್ಚು ಹಾಕಿಸಿದ್ದಾರೆ. ಟ್ಯಾಲಿ ಆಗಲಿ ಎಂದು ಅಂಕಿ ತಿದ್ದುವ ಚಟ ಎಂಥದ್ದು ಎಂದು ಬಲ್ಲ ಕಾಮರ್ಸ್ ವಿದ್ಯಾರ್ಥಿಗಳಿಗೆ ಇದರ ಬೆಲೆ ಗೊತ್ತಾಗುತ್ತದೆ.

ಆ 20.25 ಎಲ್ಲಿಂದ ಬಂತು? ಇಡೀ ಪ್ರಯೋಗದ ಜೀವ ಇಲ್ಲಿದೆ. ವಿದ್ಯುತ್ ಬರೀ ಪರೀಕ್ಷೆಯ ತಂತಿಯಲ್ಲಿ ಹರಿಯುವುದಿಲ್ಲ. ಬಿಸ್ಮತ್ ಪಟ್ಟಿ, ತಾಮ್ರದ ಪಟ್ಟಿ, ಪಾದರಸ ಎಲ್ಲವನ್ನೂ ದಾಟಿ ಬರಬೇಕು. ಅವೂ ತಡೆ ಒಡ್ಡುತ್ತವೆ. ಅವೆಲ್ಲದರ ತಡೆ ಸೇರಿ ಅದೇ ತಂತಿಯ 20.25 ಇಂಚಿನ ತಡೆಗೆ ಸಮ. ವ್ಯಾಪಾರದಲ್ಲಿ ಸರಕು ಮಾರಿದರೂ ಮಾರದಿದ್ದರೂ ಅಂಗಡಿ ಬಾಡಿಗೆ ಕಟ್ಟಬೇಕಲ್ಲ, ಹಾಗೆ ಇದು ಪ್ರತಿ ಸಾಲಿಗೂ ಬಂದು ಸೇರುವ ಸ್ಥಿರ ವೆಚ್ಚ. ಇದನ್ನೇ ಇಂದು ಆಂತರಿಕ ರೋಧ ಎನ್ನುತ್ತೇವೆ. 2 ಇಂಚಿನ ತಂತಿಗೆ ಒಟ್ಟು 22.25, 4 ಇಂಚಿಗೆ 24.25. ಒಟ್ಟು ತಡೆ ಹೆಚ್ಚಿದ್ದು ಸ್ವಲ್ಪವೇ, ಆದ್ದರಿಂದ ಪ್ರವಾಹ ಇಳಿದದ್ದೂ ಸ್ವಲ್ಪವೇ.

ಇನ್ನು 7285. ಅದು ಮೂಲದ ಒತ್ತಡ. ಇದನ್ನು ಖಚಿತ ಮಾಡಿಕೊಳ್ಳಲು ಓಮ್ ಕುದಿಯುವ ನೀರನ್ನು ಬಿಟ್ಟು, ಒಂದು ತುದಿಯನ್ನು ಕೋಣೆಯ ಉಷ್ಣತೆಯಲ್ಲೇ ಇಟ್ಟು ಮತ್ತೆ ಅಳೆದರು. ಬಿಸಿ-ತಂಪಿನ ಅಂತರ ಕಡಿಮೆಯಾದ್ದರಿಂದ ಮೇಲಿನ ಅಂಕಿ ಬಹಳ ಇಳಿಯಿತು. ಕೆಳಗಿನ 20.25 ಮಾತ್ರ ಅಲುಗಲಿಲ್ಲ. ಅಂದರೆ ಒಂದು ಅಂಕಿ ಮೂಲಕ್ಕೆ ಸೇರಿದ್ದು, ಇನ್ನೊಂದು ದಾರಿಗೆ ಸೇರಿದ್ದು. ಎರಡು ಖಾತೆಗಳನ್ನು ಬೇರೆ ಬೇರೆ ಮಾಡಿದ್ದೇ ಓಮ್ ಅವರ ಸಾಧನೆ ಎಂದು ನನಗನಿಸುತ್ತದೆ. ಅವರಿಗಿಂತ ಮುಂಚಿನವರು ಎರಡನ್ನೂ ಬೆರೆಸಿ ನೋಡಿ ಗೊಂದಲಕ್ಕೆ ಬೀಳುತ್ತಿದ್ದರು.

ತಂತಿ ತೆಳ್ಳಗಿದ್ದಷ್ಟೂ ತಡೆ ಹೆಚ್ಚು, ದಪ್ಪವಿದ್ದಷ್ಟೂ ಕಡಿಮೆ ಎಂಬುದನ್ನೂ ಅವರು ಅಳೆದು ತೋರಿಸಿದರು. ನಮ್ಮ ಮಾಮು ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದಾರೆ. ರಜೆಯಲ್ಲಿ ನಾನು ಅಲ್ಲಿ ಬಿಲ್ ಬರೆಯುತ್ತೇನೆ. ಹೊಲದ ಮೋಟಾರಿಗೆ ವೈರ್ ಕೇಳಿಕೊಂಡು ಬಂದವರಿಗೆ ಅವರು ಮೊದಲು ಕೇಳುವುದು "ಮೀಟರಿನಿಂದ ಬಾವಿ ಎಷ್ಟು ದೂರ ಐತ್ರಿ?" ಅಂತ. ಆಮೇಲೆ "ದೂರ ಇದ್ರ ದಪ್ಪ ವೈರ್ ತಗೊಳ್ರಿ" ಅನ್ನುತ್ತಾರೆ. ಗಿರಾಕಿಗಳಲ್ಲಿ ಕೆಲವರು, ಹೆಚ್ಚು ಬೆಲೆಯದ್ದು ಮಾರಲು ಹೀಗೆ ಹೇಳುತ್ತಾರೆ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡೋಣ. 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ 100 ಮೀಟರಿಗೆ ಸುಮಾರು 1.75 ಓಮ್ ರೋಧ. ಬಾವಿ 100 ಮೀಟರ್ ದೂರವಿದ್ದರೆ ಹೋಗಲು 100, ಬರಲು 100, ಒಟ್ಟು 3.5 ಓಮ್. ಮೋಟಾರು 8 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ದಾರಿಯಲ್ಲೇ 28 ವೋಲ್ಟ್ ಹೋಯಿತು. 230 ವೋಲ್ಟ್ ಹೊರಟಿದ್ದರೆ ಮೋಟಾರಿಗೆ ಮುಟ್ಟುವುದು 202. ಅದೇ 2.5 ಚದರ ಮಿಲಿಮೀಟರ್ ತಂತಿ ಹಾಕಿದರೆ ಹೋಗುವುದು 11 ವೋಲ್ಟ್ ಮಾತ್ರ. ಮಾಮು ಓಮ್ ಹೆಸರು ಹೇಳುವುದಿಲ್ಲ, ಆದರೆ ಹೇಳುವುದು ಅದನ್ನೇ. ನಮ್ಮ ಮನೆ ಮಾತು ಉರ್ದು. ಉರ್ದು ವಿಜ್ಞಾನ ಪುಸ್ತಕಗಳಲ್ಲಿ ರೋಧಕ್ಕೆ 'ಮುಝಾಹಮತ್' ಎನ್ನುತ್ತಾರೆ. ಅಡ್ಡ ನಿಂತು ತಡೆಯುವುದು ಎಂದು ಅದರ ಅರ್ಥ.

ಮತ್ತೆ ಕಲೋನ್‌ಗೆ ಬರೋಣ. ಪ್ರಯೋಗ ಮುಗಿದ ಮೇಲೆ ಓಮ್‌ಗೆ ತಮ್ಮ ಕೆಲಸವನ್ನು ಒಂದು ಪೂರ್ಣ ಪುಸ್ತಕವಾಗಿ ಬರೆಯಬೇಕು, ಅದರಿಂದ ವಿಶ್ವವಿದ್ಯಾಲಯದಲ್ಲಿ ಒಂದು ಜಾಗ ಪಡೆಯಬೇಕು ಎಂಬ ಆಸೆ ಹುಟ್ಟಿತು. 1826ರಲ್ಲಿ ಒಂದು ವರ್ಷ ರಜೆ ಕೇಳಿದರು. ರಜೆ ಸಿಕ್ಕಿತು, ಅರ್ಧ ಸಂಬಳಕ್ಕೆ. ಬರ್ಲಿನ್‌ನಲ್ಲಿ ತಮ್ಮ ಮಾರ್ಟಿನ್ ಇದ್ದರು. ಅಲ್ಲಿಗೆ ಹೋಗಿ ಬರೆಯಲು ಕೂತರು. 1827ರಲ್ಲಿ ಪುಸ್ತಕ ಹೊರಬಂತು. ವಿದ್ಯುತ್ ಮಂಡಲದ ಗಣಿತೀಯ ವಿವೇಚನೆ ಎಂಬ ಅರ್ಥದ ಹೆಸರು ಅದಕ್ಕೆ.

ಪುಸ್ತಕಕ್ಕೆ ತಣ್ಣೀರೆರಚಿದಂತಾಯಿತು. ಬರ್ಲಿನ್‌ನ ಪೋಲ್ ಎಂಬ ಭೌತವಿಜ್ಞಾನಿ ಕಟುವಾಗಿ ಟೀಕಿಸಿದರು. ಆಗಿನ ಜರ್ಮನಿಯಲ್ಲಿ ಪ್ರಕೃತಿಯನ್ನು ತತ್ತ್ವಚಿಂತನೆಯಿಂದ ಅರಿಯಬೇಕು, ಹೀಗೆ ಗಣಿತದ ಸೂತ್ರಗಳಲ್ಲಿ ಹಿಡಿಯುವುದು ಸರಿಯಲ್ಲ ಎಂಬ ಅಭಿಪ್ರಾಯದವರು ಬಹಳ ಜನ ಇದ್ದರು. ನನ್ನ ಅಭಿಪ್ರಾಯ ಕೇಳಿದರೆ ಓಮ್ ಅವರದೂ ಸ್ವಲ್ಪ ತಪ್ಪಿದೆ. ಎಂಟು ತಂತಿಗಳ ಆ ಸರಳ ಲೆಕ್ಕವನ್ನು ಮುಂದಿಡುವ ಬದಲು, ಫ್ರಾನ್ಸಿನ ಫೂರಿಯರ್ ಶಾಖದ ಹರಿವಿನ ಬಗ್ಗೆ ಬರೆದ ಗಣಿತವನ್ನು ಮಾದರಿಯಾಗಿಟ್ಟುಕೊಂಡು ಪುಸ್ತಕದ ತುಂಬ ಕಠಿಣ ಸಮೀಕರಣಗಳನ್ನು ತುಂಬಿದರು. ಪ್ರಯೋಗ ಮಾಡುವವರಿಗೆ ಗಣಿತ ಅರ್ಥವಾಗಲಿಲ್ಲ, ಗಣಿತ ಬಲ್ಲವರಿಗೆ ವಿದ್ಯುತ್ತಿನಲ್ಲಿ ಆಸಕ್ತಿ ಇರಲಿಲ್ಲ.

ಯಾರೂ ಅವರನ್ನು ನಂಬಲಿಲ್ಲ ಎಂದು ಕೆಲವು ಕಡೆ ಬರೆದಿರುತ್ತಾರೆ. ಅದು ಪೂರ್ತಿ ನಿಜವಲ್ಲ. ಜರ್ಮನಿಯಲ್ಲೇ ಫೆಕ್ನರ್ ಎಂಬವರು ಪ್ರಯೋಗಗಳನ್ನು ಮಾಡಿ ನಿಯಮ ಸರಿ ಎಂದು ತೋರಿಸಿದರು. ರಷ್ಯಾದಲ್ಲಿ ಲೆನ್ಜ್ ಅದನ್ನು ಬಳಸಿದರು. ಆದರೆ ಕೆಲಸ ಕೊಡುವ ಸ್ಥಾನದಲ್ಲಿದ್ದವರು ಮೆಚ್ಚಲಿಲ್ಲ. ಮನನೊಂದ ಓಮ್ 1828ರಲ್ಲಿ ಕಲೋನ್‌ನ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಆಗ ಅವರ ವಯಸ್ಸು 39. ಮುಂದಿನ ಐದು ವರ್ಷ ಬರ್ಲಿನ್‌ನ ಸೇನಾ ಶಾಲೆಯಲ್ಲಿ ಕೆಲವು ಗಂಟೆಗಳ ಗಣಿತ ಪಾಠ, ಅದರಲ್ಲೇ ಜೀವನ. 1833ರಲ್ಲಿ ನ್ಯೂರೆಂಬರ್ಗ್‌ನ ಪಾಲಿಟೆಕ್ನಿಕ್‌ನಲ್ಲಿ ಪ್ರೊಫೆಸರ್ ಹುದ್ದೆ ಸಿಕ್ಕಿತು. ಅದೂ ಅವರು ಆಸೆಪಟ್ಟ ವಿಶ್ವವಿದ್ಯಾಲಯದ ಹುದ್ದೆಯಲ್ಲ.

ಇಲ್ಲಿ ಒಂದು ವಿಚಿತ್ರ ಸಂಗತಿ. ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್ 1781ರಲ್ಲೇ, ಅಂದರೆ ಓಮ್ ಹುಟ್ಟುವ ಮುಂಚೆಯೇ, ಇದೇ ನಿಯಮವನ್ನು ಕಂಡುಕೊಂಡಿದ್ದರು. ಮೀಟರ್ ಇಲ್ಲದ್ದರಿಂದ ತಮ್ಮ ಮೈಗೇ ಶಾಕ್ ಕೊಟ್ಟುಕೊಂಡು ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಹೋಲಿಸಿದ್ದರು. ಕ್ಯಾವೆಂಡಿಷ್ ದೊಡ್ಡ ಶ್ರೀಮಂತರು, ಅಷ್ಟೇ ಸಂಕೋಚದವರು. ಬರೆದದ್ದನ್ನು ಪ್ರಕಟಿಸಲೇ ಇಲ್ಲ. ಮ್ಯಾಕ್ಸ್‌ವೆಲ್ ಅವರ ಟಿಪ್ಪಣಿಗಳನ್ನು ಸಂಪಾದಿಸಿ ಅಚ್ಚು ಹಾಕಿಸಿದ್ದು 1879ರಲ್ಲಿ. ಅಷ್ಟು ಹೊತ್ತಿಗೆ ನಿಯಮಕ್ಕೆ ಓಮ್ ಹೆಸರು ಗಟ್ಟಿಯಾಗಿತ್ತು. ಒಬ್ಬರಿಗೆ ಪ್ರಕಟಿಸುವ ಅಗತ್ಯವೇ ಬೀಳಲಿಲ್ಲ, ಇನ್ನೊಬ್ಬರು ಪ್ರಕಟಿಸಲು ಅರ್ಧ ಸಂಬಳ ಬಿಟ್ಟರು.

ಓಮ್‌ಗೆ ಗೌರವ ಬಂದದ್ದು ಹೊರದೇಶದಿಂದ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರಿಗೆ ಕೋಪ್ಲಿ ಪದಕ ಕೊಟ್ಟಿತು. ಅದೇ ವರ್ಷ ಅವರ ಪುಸ್ತಕ ಇಂಗ್ಲಿಷಿನಲ್ಲೂ ಬಂತು. ಮರುವರ್ಷ ಸೊಸೈಟಿ ಅವರನ್ನು ವಿದೇಶಿ ಸದಸ್ಯರನ್ನಾಗಿ ಮಾಡಿಕೊಂಡಿತು. 1843ರಲ್ಲಿ ಇಂಗ್ಲೆಂಡಿನ ವೀಟ್‌ಸ್ಟೋನ್, ಓಮ್ ಅವರ ಸಿದ್ಧಾಂತವನ್ನೇ ಆಧಾರ ಮಾಡಿಕೊಂಡು ರೋಧ ಅಳೆಯುವ ವಿಧಾನಗಳ ಬಗ್ಗೆ ಪ್ರಸಿದ್ಧ ಉಪನ್ಯಾಸ ಕೊಟ್ಟರು. ಇಂದು ನಮ್ಮ ಸೈನ್ಸ್ ವಿಭಾಗದವರು ಲ್ಯಾಬಿನಲ್ಲಿ ಮೀಟರ್ ಬ್ರಿಡ್ಜ್ ಮೇಲೆ ಜಾಕಿ ಓಡಿಸಿ ಶೂನ್ಯ ಬಿಂದು ಹುಡುಕುತ್ತಾರಲ್ಲ, ಅದು ಈ ವೀಟ್‌ಸ್ಟೋನ್ ಸೇತುವೆಯ ಒಂದು ರೂಪ. ಟೆಲಿಗ್ರಾಫ್ ತಂತಿಗಳು ಊರಿಂದೂರಿಗೆ ಹರಡಿದಾಗ ಎಷ್ಟು ದೂರಕ್ಕೆ ಎಷ್ಟು ದಪ್ಪದ ತಂತಿ, ಎಷ್ಟು ಬ್ಯಾಟರಿ ಎಂಬ ಲೆಕ್ಕ ಎಲ್ಲರಿಗೂ ಬೇಕಾಯಿತು. ಆಗ ಓಮ್‌ನ ನಿಯಮವನ್ನು ಬಿಟ್ಟರೆ ಗತಿ ಇರಲಿಲ್ಲ.

1849ರಲ್ಲಿ ಅವರನ್ನು ಮ್ಯೂನಿಕ್‌ಗೆ ಕರೆಸಿಕೊಂಡರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪೂರ್ಣ ಪ್ರೊಫೆಸರ್ ಆದದ್ದು 1852ರಲ್ಲಿ, 63ನೆಯ ವಯಸ್ಸಿನಲ್ಲಿ. 1827ರಲ್ಲಿ ಕೇಳಿದ್ದು ಇಪ್ಪತ್ತೈದು ವರ್ಷದ ಮೇಲೆ ಸಿಕ್ಕಿತು. ಅದನ್ನು ಅನುಭವಿಸಿದ್ದು ಎರಡು ವರ್ಷ ಮಾತ್ರ. 1854ರ ಜುಲೈ 6ರಂದು ಅವರು ಮ್ಯೂನಿಕ್‌ನಲ್ಲಿ ತೀರಿಕೊಂಡರು. ಮದುವೆಯಾಗಿರಲಿಲ್ಲ.

1881ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನವು ರೋಧದ ಮಾನಕ್ಕೆ ಓಮ್ ಎಂಬ ಹೆಸರನ್ನು ಒಪ್ಪಿಕೊಂಡಿತು. ವೋಲ್ಟಾ ಹೆಸರಿನ ವೋಲ್ಟ್, ಫ್ರಾನ್ಸಿನ ಆಂಪೇರ್ ಹೆಸರಿನ ಆಂಪಿಯರ್ ಕೂಡ ಅಲ್ಲಿಯೇ ಒಪ್ಪಿಗೆ ಪಡೆದವು. 1 ವೋಲ್ಟ್ ಒತ್ತಡಕ್ಕೆ 1 ಆಂಪಿಯರ್ ಪ್ರವಾಹ ಹರಿಯಲು ಬಿಡುವ ತಂತಿಯ ರೋಧ 1 ಓಮ್. ಇದನ್ನು ಬರೆಯಲು ಗ್ರೀಕ್ ಅಕ್ಷರ ಒಮೆಗಾ ಬಳಸುತ್ತಾರೆ. ಓಮ್ ಹೆಸರಿನ ಮೊದಲ ಅಕ್ಷರವನ್ನೇ ಹಾಕಿದ್ದರೆ ಓದುವವರು ಸೊನ್ನೆ ಅಂದುಕೊಳ್ಳುತ್ತಿದ್ದರು.